ಅವ್ವನ ರೂಮಿಗೆ ಇನ್ನೊಂದು ಕೋಟು

ಬೇರೆಯವರ ಮನೆಗೆ ಹೋದರೆ ನಟರಾಜುವಿಗೆ ಸುಮ್ಮನೆ ಕೂರಲು ಬರುತ್ತಿರಲಿಲ್ಲ. ಕೊಟ್ಟ ಕಾಫಿ ಕೈಯಲ್ಲೇ ಆರುತ್ತಿದ್ದರೂ ಅವನ ಕಣ್ಣು ಗೋಡೆ, ಕಿಟಕಿ, ಸೂರು ಎಲ್ಲ ಸುತ್ತಿ ಬರುತ್ತಿತ್ತು. "ಈ ಕಿಟ್ಕಿ ಒಂದಡಿ ಈಚ್ಗಿದ್ದಿದ್ರೆ ನಿಮ್ಗೆ ಅಗಲೊತ್ತು ಲೈಟೇ ಬೇಕಿರ್ಲಿಲ್ಲ ಕಣ್ರೀ" ಎಂದು ಶುರು ಹಚ್ಚಿಕೊಂಡನೆಂದರೆ ಮುಗಿಯಿತು, ಬಂದ ಕೆಲಸ ಮರೆತೇಹೋಗುತ್ತಿತ್ತು. ಬಾಯಿ ಜಾಸ್ತಿ ಅಂತ ಬೈದುಕೊಂಡರೂ ಜನ ಅವನನ್ನು ಬಿಡುತ್ತಿರಲಿಲ್ಲ, ಏಕೆಂದರೆ ಕೈಯಲ್ಲಿ ಕಸುಬಿತ್ತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆ ಹಳೆ ಮನೆಯನ್ನು ಹೊಸದು ಮಾಡಿಸುವವರು ಬಿಳಿಕೆರೆ ಪಕ್ಕದ ಅವನ ಊರಿಗೇ ಹುಡುಕಿಕೊಂಡು ಬರುತ್ತಿದ್ದರು. ಅಡುಗೆಮನೆಯ ಕಟ್ಟೆ ಅಡುಗೆ ಮಾಡುವವಳ ಎತ್ತರಕ್ಕಿರಬೇಕು, ಮೇಸ್ತ್ರಿಯ ಎತ್ತರಕ್ಕಲ್ಲ. ಮಲಗುವ ಕೋಣೆಗೆ ಕಡು ಬಣ್ಣ ಕೂಡದು. ಹಾಲಿನಲ್ಲಿ ಟಿವಿಗೆ ಎದುರಾಗಿ ಕಿಟಕಿ ಬರಬಾರದು. ಹೀಗೆ ಒಂದೊಂದು ಕೋಣೆಗೂ ಅವನಲ್ಲಿ ಒಂದೊಂದು ಮಾತಿತ್ತು.

ಊರಿಗೆಲ್ಲ ಹೀಗೆ ಹೇಳಿಕೊಡುವ ಮಹರಾಯನ ಸ್ವಂತ ಮನೆ ಮಾತ್ರ ಇಪ್ಪತ್ತು ವರ್ಷದಿಂದ ಹಾಗೇ ಬಿದ್ದಿತ್ತು. "ಊರ್ ಮನೇಗೆಲ್ಲ ಬಣ್ಣ, ನಮ್ಮನೇಗೆ ಮಸಿ" ಎಂದು ಹೆಂಡತಿ ಸುನಂದಮ್ಮ ಆಡಿಕೊಂಡಿದ್ದೇ ಆಡಿಕೊಂಡಿದ್ದು. ಕೊನೆಗೂ ಹೋದ ವರ್ಷ ಕೈ ಹಾಕಿದ. ಮಗಳು ಅನುಶ್ರೀ ಮೊದಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಬಾಣಂತಿಗೆ ಗಾಳಿ ನುಗ್ಗದ, ಬಚ್ಚಲಿಗೆ ಅಂಟಿಕೊಂಡ ಒಂದು ಕೋಣೆ ಆಗಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಅವ್ವನಿಗೊಂದು ಕೋಣೆ ಆಗಬೇಕಿತ್ತು.

ಅವ್ವ ವೀರಮ್ಮನಿಗೆ ಎಂಬತ್ತರ ಮೇಲಾಗಿತ್ತು. ಒಂದು ಸಲ ಬಚ್ಚಲಲ್ಲಿ ಜಾರಿ ಬಿದ್ದಿದ್ದಳು. ಅವಳ ಕೋಣೆಗೆ ನಟರಾಜು ಪಟ್ಟ ಪಾಡು ಅಷ್ಟಿಷ್ಟಲ್ಲ. ಮಂಚ ಬರುವ ಜಾಗದಲ್ಲಿ ಬರೀ ನೆಲದ ಮೇಲೆ ಅಂಗಾತ ಮಲಗಿ, ತಲೆಯನ್ನು ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಮಾಡಿ ನೋಡಿದ. ಮಲಗಿದವಳ ಕಣ್ಣಿಗೆ ಹೊಡೆಯಬಾರದೆಂದು ಸೂರಿನ ಲೈಟು ಕಿತ್ತು ಗೋಡೆಗೆ ಹಾಕಿಸಿದ. ಕಿಟಕಿಯನ್ನು ಮೊಣಕಾಲೆತ್ತರಕ್ಕೆ ಇಳಿಸಿ, ಮಲಗಿದಲ್ಲಿಂದಲೇ ರಸ್ತೆಯ ಬಸ್ಸು ಕಾಣುವ ಹಾಗೆ ಮಾಡಿದ. ಕೈಗೆಟಕುವಂತೆ ಸ್ವಿಚ್ಚು, ಬಚ್ಚಲಿನವರೆಗೂ ಗೋಡೆಗೆ ಹಿಡಿದುಕೊಳ್ಳಲು ಸ್ಟೀಲು ಕಂಬಿ, ಜಾರದ ಟೈಲ್ಸು. ಕಾಲು ತಾಗಬಾರದೆಂದು ಹೊಸ್ತಿಲನ್ನೂ ತೆಗೆಸಿಬಿಟ್ಟ.

"ಒಸ್ಲಿಲ್ದಿದ್ ಮೇಲೆ ಅದೆಂತಾ ಬಾಗ್ಲು ಕಣ್ಲಾ? ಅರಿಸಿನ ಕುಂಕುಮ ಎಲ್ಲಿಗಿಕ್ಕನ?" ಎಂದು ವೀರಮ್ಮ ಬೈದಳು. ಬೈದರೂ ಒಳಗೆ ಹೋಗಿ ಕಂಬಿ ಹಿಡಿದು ಬಚ್ಚಲಿನ ತನಕ ನಾಲ್ಕು ಸಲ ಓಡಾಡಿದಳು. ಗೋಡೆಗೆ ಎಳೆ ಭತ್ತದ ಪೈರಿನ ಹಸಿರು ಬಣ್ಣ ಹೊಡೆಸಿದ್ದ. "ಚೆಂದಾಗದೆ ಕಣ್ಲಾ ಮಗ" ಅಂದಳು. ಎಷ್ಟೋ ಜನ ಹೊಗಳಿದ್ದರು ಅವನ ಕೆಲಸವನ್ನು. ಅವತ್ತು ಮಾತ್ರ ಅವನ ಕಣ್ಣಲ್ಲಿ ನೀರು ಬಂತು.

ಆ ಕೋಣೆಯಲ್ಲಿ ಅವಳು ನೆಮ್ಮದಿಯಾಗಿ ಮಲಗಿದ್ದು ಎರಡೇ ತಿಂಗಳು. ಸಂಕ್ರಾಂತಿ ಕಳೆದ ಮೇಲೆ ಉಸಿರು ಎಳೆದುಕೊಳ್ಳಲು ಶುರುವಾಗಿ ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ಎಂಟು ದಿನ ನೋಡಿ ಡಾಕ್ಟರು, "ಮನೆಗೆ ಕರೆದುಕೊಂಡು ಹೋಗಿ. ಇನ್ನು ಎರಡು ದಿನವೋ ಮೂರು ದಿನವೋ" ಎಂದು ಕೈ ಚೆಲ್ಲಿದರು. ಮನೆಗೆ ತಂದು ಅವಳ ಮಂಚದ ಮೇಲೆ ಮಲಗಿಸಿದ್ದೇ ತಡ, ಊರವರು ನೋಡಲು ಬಂದರು. ಪಂಚಾಂಗ ನೋಡಿ ಶಾಸ್ತ್ರ ಹೇಳುವ ಸಿದ್ದಯ್ಯನೂ ಬಂದ.

ಸಿದ್ದಯ್ಯ ವೀರಮ್ಮನ ಕೈ ಮುಟ್ಟಿ ನೋಡಿ, ನಟರಾಜುವನ್ನು ಜಗಲಿಗೆ ಕರೆದ. "ನಟರಾಜು, ಏಳ್ತೀನಿ ಅಂತ ಬ್ಯಾಸ್ರ ಮಾಡ್ಕಬ್ಯಾಡ. ನಾಳೆ ಬೆಳಿಗ್ಗೆಯಿಂದ ಪಂಚಕ ಕಣಪ್ಪ. ಐದ್ ದಿನ."

ಪಂಚಕವೆಂದರೆ ತಿಂಗಳಿಗೊಮ್ಮೆ ಸಾಲಾಗಿ ಬರುವ ಐದು ಕೆಟ್ಟ ನಕ್ಷತ್ರ. ಪಂಚಕದ ಐದು ದಿನದಲ್ಲಿ ಮನೆಯೊಳಗೆ ಜೀವ ಹೋದರೆ ಆ ಮನೆ ಬಿಡಬೇಕು. ಬಾಗಿಲಿಗೆ ಜಾಲಿಮುಳ್ಳು ಕಟ್ಟಿ, ಆರು ತಿಂಗಳು ಯಾರೂ ಕಾಲಿಡಬಾರದು. ಊರಲ್ಲಿ ಇದನ್ನು ಮೀರಿದವರಿಲ್ಲ. ಮೀರಿದರೆ ಆ ಮನೆಗೆ ಕಾರ್ಯಕ್ಕೂ ಯಾರೂ ಬರುವುದಿಲ್ಲ, ನೆಂಟರೂ ನೀರು ಮುಟ್ಟುವುದಿಲ್ಲ.

"ಇವೆಲ್ಲ ಈಗಿನ್ ಕಾಲ್ದಲ್ಲಿ ಯಾರು ನೋಡ್ತಾರೆ ಬುಡಣ್ಣ" ಅಂದ. ಅಂದವನ ದನಿಯಲ್ಲಿ ಬಲವಿರಲಿಲ್ಲ. ಏಕೆಂದರೆ ನೋಡುವವರನ್ನು ಅವನೇ ನೋಡಿದ್ದ. ಹಿಂದಿನ ವರ್ಷ ಕೆ.ಆರ್. ನಗರದಲ್ಲಿ ಅವನೇ ಮಾಡಿಕೊಟ್ಟ ಮನೆ. ಕೆಲಸ ಮುಗಿದು ತಿಂಗಳಾಗಿರಲಿಲ್ಲ, ಯಜಮಾನ ಪಂಚಕದಲ್ಲಿ ತೀರಿಕೊಂಡ. ಮನೆಯವರೆಲ್ಲ ಮುಳ್ಳು ಕಟ್ಟಿ ಬಾಡಿಗೆ ಮನೆಗೆ ಹೋದರು. ಆರು ತಿಂಗಳ ಮೇಲೆ ಬಾಗಿಲು ತೆಗೆದಾಗ ಮತ್ತೆ ಅವನನ್ನೇ ಕರೆಸಿದ್ದರು. ಸೀಲಿಂಗು ಉಬ್ಬಿ ಜೋತುಬಿದ್ದಿತ್ತು, ಕಪಾಟಿನ ತುಂಬ ಗೆದ್ದಲು, ಗೋಡೆಗೆಲ್ಲ ಬೂಷ್ಟು. ಅಷ್ಟು ಚೆಂದದ ಮನೆ ಹಾಗಾಗಿದ್ದು ನೋಡಿ ಅವನಿಗೆ ಎರಡು ದಿನ ಅನ್ನ ಸೇರಿರಲಿಲ್ಲ.

ಈಗ ಒಳಗೆ ಅನುಶ್ರೀ ಒಂಬತ್ತು ತುಂಬಿದ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಇವತ್ತೋ ನಾಳೆಯೋ. ಹಸಿ ಬಾಣಂತಿಯನ್ನು ಎಳೆ ಕೂಸಿನ ಸಮೇತ ಎಲ್ಲಿಗೆ ಕರೆದುಕೊಂಡು ಹೋಗುವುದು? ಪಂಚಕದ ಮನೆ ಬಿಟ್ಟು ಬಂದವರಿಗೆ ಈ ಸುತ್ತಿನಲ್ಲಿ ಯಾರು ಬಾಡಿಗೆಗೆ ಮನೆ ಕೊಡುತ್ತಾರೆ?

"ಅದ್ಕೇ ಏಳೋದು" ಎಂದು ಸಿದ್ದಯ್ಯ ತಗ್ಗಿದ ದನಿಯಲ್ಲಿ ಹೇಳಿದ. "ಮನೆ ಒಳ್ಗೆ ಜೀವ ಓದ್ರೆ ತಾನೆ ದೋಷ? ಬ್ಯಾರನ್ನು ಮನೆಯಲ್ಲ."

ಬ್ಯಾರನ್ನು ಎಂದರೆ ಮನೆಯ ಹಿತ್ತಲಾಚೆ ಹೊಗೆಸೊಪ್ಪು ಬೇಯಿಸಲು ಕಟ್ಟಿದ್ದ ಎತ್ತರದ ಕೋಣೆ. ಕಿಟಕಿಯಿಲ್ಲ. ಒಂದೇ ಬಾಗಿಲು. ಸೊಪ್ಪಿನ ಕಾಲ ಮುಗಿದಿದ್ದರಿಂದ ಖಾಲಿ ಬಿದ್ದಿತ್ತು.

ನಟರಾಜು ಜಗಲಿಯಲ್ಲೇ ಬಹಳ ಹೊತ್ತು ಕೂತ. ಆಮೇಲೆ ಎದ್ದು ಒಳಗೆ ಹೋಗಿ ಅವ್ವನ ಮಂಚದ ಪಕ್ಕ ಕೂತುಕೊಂಡ. ಸುಳ್ಳು ಹೇಳಲು ಅವನಿಗೆ ತನ್ನ ಕಸುಬು ಬಿಟ್ಟರೆ ಬೇರೆ ಏನೂ ತೋಚಲಿಲ್ಲ.

"ಅವ್ವ, ರೂಮಿನ್ ಗ್ವಾಡೆ ವಸಿ ಕಪ್ಪಿಟ್ಟದೆ ಕಣವ್ವ. ಇನ್ನೊಂದ್ ಕೋಟ್ ಬಣ್ಣ ಒಡೀಬೇಕು. ವಾಸ್ನೆ ನಿಂಗಾಗಕಿಲ್ಲ. ಐದ್ ದಿನ ಬ್ಯಾರನ್ ತಾವ ಇರು."

ವೀರಮ್ಮ ಮಗನ ಮುಖ ನೋಡಿದಳು. ಗೋಡೆ ನೋಡಿದಳು. "ಊ" ಅಂದಳು, ಅಷ್ಟೇ.

ಮಂಚ ಬ್ಯಾರನ್ನಿನ ಬಾಗಿಲಲ್ಲಿ ಹಿಡಿಸಲಿಲ್ಲ. ಮೂರಡಿ ಬಾಗಿಲಿಗೆ ನಾಲ್ಕಡಿ ಮಂಚ. ಅಳತೆ ತಪ್ಪದ ನಟರಾಜು ಅವತ್ತು ಅದನ್ನೂ ನೋಡಿರಲಿಲ್ಲ. ನೆಲಕ್ಕೆ ಹುಲ್ಲು ಹಾಸಿ, ಮೇಲೆ ಹಾಸಿಗೆ ಹಾಕಿ ಮಲಗಿಸಿದರು. ಹೊರಗೆ ಬಂದ ಸುನಂದಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. "ನಮ್ಗೆ ಒಳ್ಳೇದಾದದೇನ್ರೀ ಇಂಗ್ ಮಾಡುದ್ರೆ?" ಎಂದಳು. ನಟರಾಜು ಸೀದಾ ಹೋಗಿ ಅವ್ವನ ಕೋಣೆಗೆ ಬಣ್ಣ ಹೊಡೆಯಲು ನಿಂತ.

ಹೌದು, ಹೊಡೆದ. ಹೇಳಿದ ಸುಳ್ಳನ್ನು ನಿಜ ಮಾಡಿದರೆ ಪಾಪ ಕಡಿಮೆಯಾಗುತ್ತದೆ ಅಂದುಕೊಂಡನೋ ಏನೋ. ಕೆಲಸದವರನ್ನೂ ಕರೆಯದೆ, ಒಂದು ಕಲೆಯೂ ಇಲ್ಲದ ಗೋಡೆಗೆ ಉಪ್ಪುಕಾಗದ ಉಜ್ಜಿ, ಅದೇ ಹಸಿರನ್ನು ಇನ್ನೊಂದು ಸಲ ಬಳಿದ. ಮಾರನೆ ದಿನ ಮತ್ತೊಂದು ಸಲ. ನಡುನಡುವೆ ಬ್ಯಾರನ್ನಿಗೆ ಓಡಿ ಅವ್ವನ ಬಾಯಿಗೆ ನೀರು ಬಿಟ್ಟು ಬರುತ್ತಿದ್ದ. ಒಳಗೆ ಹಗಲಲ್ಲೂ ಕತ್ತಲು. ಗೋಡೆಗೆ ಹತ್ತಿದ ಹೊಗೆಸೊಪ್ಪಿನ ಘಾಟಿಗೆ ಅವಳ ಕೆಮ್ಮು ನಿಲ್ಲುತ್ತಲೇ ಇರಲಿಲ್ಲ. ನಟರಾಜು ಅವಳ ಬೆನ್ನು ನೀವುತ್ತಿದ್ದ. ಅಷ್ಟಾದರೂ ಎತ್ತಿಕೊಂಡು ಮನೆಗೆ ತರಲಿಲ್ಲ. ಐದು ದಿನವೂ ತರಲಿಲ್ಲ. ಥೂ, ಎಂಥ ಮಗ ನಾನು ಎಂದು ತನ್ನನ್ನು ತಾನೇ ಬೈದುಕೊಳ್ಳುತ್ತ ಕುಂಚ ಅದ್ದುತ್ತಿದ್ದ.

ವೀರಮ್ಮ ಸಾಯಲಿಲ್ಲ. ಎರಡು ದಿನವೋ ಮೂರು ದಿನವೋ ಅಂದಿದ್ದ ಜೀವ ಐದು ದಿನವನ್ನೂ ದಾಟಿತು. ಆರನೆಯ ದಿನ ಬೆಳಿಗ್ಗೆ ಸಿದ್ದಯ್ಯ "ಕಳೀತು ಕಣಪ್ಪ" ಅಂದ ಕೂಡಲೇ ನಟರಾಜು ಅವಳನ್ನು ತೋಳಲ್ಲೆತ್ತಿಕೊಂಡು ಓಡೋಡಿ ಬಂದು ಮಂಚದ ಮೇಲೆ ಮಲಗಿಸಿದ. ಒಂದು ಕೂಸಿನಷ್ಟೂ ಭಾರವಿರಲಿಲ್ಲ ಅವಳು.

ಆಮೇಲಿನ ದಿನಗಳು ಚೆನ್ನಾಗಿಯೇ ನಡೆದವು. ಉಸಿರು ಸ್ವಲ್ಪ ತಹಬದಿಗೆ ಬಂತು. ರಾಗಿ ಗಂಜಿ ಕುಡಿದಳು. ಕಿಟಕಿಯಲ್ಲಿ ಬಸ್ಸು ನೋಡಿದಳು. ಹುಣಸೂರಿನಲ್ಲಿ ಅನುಶ್ರೀಗೆ ಹೆರಿಗೆಯಾಗಿ, ಹೆಣ್ಣು ಕೂಸು ಮನೆಗೆ ಬಂತು. ಕೂಸನ್ನು ತಂದು ಮುತ್ತಜ್ಜಿಯ ಪಕ್ಕ ಮಲಗಿಸಿದರೆ, ಅದರ ಕಾಲನ್ನು ಹಿಡಿದುಕೊಂಡು ಬಿಡಲೇ ಇಲ್ಲ ಆಕೆ. ಸುನಂದಮ್ಮ ನಕ್ಕಳು. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಯಾರೋ ನಕ್ಕಿದ್ದರು.

ಬ್ಯಾರನ್ನಿನಿಂದ ತಂದ ಹತ್ತನೆಯ ದಿನ ನಟರಾಜು ಅವ್ವನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದ. ಪಕ್ಕದ ಕೋಣೆಯಲ್ಲಿ ಕೂಸು ಅಳುತ್ತಿತ್ತು. ವೀರಮ್ಮ ಅದನ್ನು ಕೇಳಿಸಿಕೊಳ್ಳುತ್ತ ಮಲಗಿದ್ದವಳು, ನಾಳೆ ಬಸ್ಸಿದೆಯೇ ಎಂದು ಕೇಳುವಷ್ಟು ಸಲೀಸಾಗಿ ಕೇಳಿದಳು:

"ಪಂಚಕ ಮತ್ತೆ ಬರಕೆ ಇನ್ನೆಷ್ಟ್ ದಿನ ಅದೆಲಾ?"

"ಅನ್ನೆಲ್ಡು ದಿನ" ಅಂದ ನಟರಾಜು.

ಅಂದಮೇಲೆ ಅವನ ಕೈ ನಿಂತಿತು. ಅವ್ವನಿಗೆ ಎಲ್ಲ ಗೊತ್ತಿತ್ತು ಎಂಬುದಲ್ಲ ಅವನನ್ನು ಹೊಡೆದು ಹಾಕಿದ್ದು. ಅವಳು ಕೇಳಿದ ತಕ್ಷಣ ಅವನ ಬಾಯಲ್ಲಿ ಹನ್ನೆರಡು ಎಂಬ ಉತ್ತರ ಸಿದ್ಧವಿತ್ತು. ಒಂದು ಗಳಿಗೆಯೂ ಯೋಚಿಸಬೇಕಾಗಲಿಲ್ಲ. ದಿನ ಬೆಳಗಾದರೆ ಕ್ಯಾಲೆಂಡರಿನ ಮುಂದೆ ನಿಂತು ಅವನು ಅದನ್ನೇ ಎಣಿಸುತ್ತಿದ್ದ. ಮೊದಲ ಸಲ ಬಣ್ಣ ಎಂದಾಯಿತು, ಈ ಸಲ ಏನು ಹೇಳಲಿ ಎಂದೂ ಯೋಚಿಸಿಟ್ಟಿದ್ದ.

"ಅವ್ವ..." ಎಂದ.

"ಯಾಕ್ಲಾ ಮಗ, ತಿಕ್ಕು. ಚೆಂದಾಗದೆ" ಅಂದಳು ವೀರಮ್ಮ.

ಎರಡು ದಿನ ಬಿಟ್ಟು ಅವಳು ಗಂಜಿ ಬೇಡವೆಂದಳು. ಮಾರನೆಯ ದಿನವೂ ಬೇಡವೆಂದಳು. ಬಿಳಿಕೆರೆಯಿಂದ ಡಾಕ್ಟರು ಬಂದು ಗಂಟಲು ನೋಡಿ, ನುಂಗಲು ತೊಂದರೆಯೇನಿಲ್ಲ, ಸ್ವಲ್ಪ ಸ್ವಲ್ಪ ಕುಡಿಸಿ ಎಂದು ಹೇಳಿ ಹೋದರು. ಸುನಂದಮ್ಮ ಚಮಚ ಹಿಡಿದರೆ ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ನಟರಾಜು ಹಿಡಿದರೆ ಮುಖವನ್ನು ಗೋಡೆಯ ಕಡೆ ತಿರುಗಿಸಿಬಿಡುತ್ತಿದ್ದಳು.

"ಒಂದ್ ಗುಟ್ಕು ಕಣವ್ವ. ನಿನ್ ದಮ್ಮಯ್ಯ ಅಂತೀನಿ."

"ಬ್ಯಾಡ ಕಣ್ಲಾ. ಒಟ್ಟೆ ತುಂಬ್ಯದೆ."

"ಈ ಸಲ ನಿನ್ನ ಎಲ್ಗೂ ಕಳ್ಸಕಿಲ್ಲ ಕಣವ್ವ. ನಿನ್ನಾಣೆ. ಮನೆ ಓದ್ರೆ ಓಗ್ಲಿ, ಮುಳ್ಳು ಕಟ್ಟುದ್ರೆ ಕಟ್ಲಿ. ನೀನಿಲ್ಲೇ ಇರು."

ವೀರಮ್ಮ ಅವನ ಕಡೆ ತಿರುಗಿದಳು. ಕೋಪವಿರಲಿಲ್ಲ ಆ ಕಣ್ಣಲ್ಲಿ. ಇದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಕೂಸದೆಯಲ್ಲೋ ಮಗ" ಅಂದಳು.

ನಟರಾಜು ಅವಳ ಕಾಲು ಹಿಡಿದುಕೊಂಡು ಅತ್ತ. ತಾನು ಹಾಕಿದ ಆಣೆ ನಿಜವೋ, ಅದೂ ಇನ್ನೊಂದು ಕೋಟು ಬಣ್ಣವೋ, ಅವನಿಗೇ ಗೊತ್ತಿರಲಿಲ್ಲ. ಪಂಚಕ ಬಂದು ಬಾಗಿಲಲ್ಲಿ ನಿಂತಾಗ, ಪಕ್ಕದಲ್ಲಿ ಕೂಸು ಅಳುವಾಗ, ತಾನು ಅವ್ವನನ್ನು ಎತ್ತಿಕೊಂಡು ಮತ್ತೆ ಬ್ಯಾರನ್ನಿಗೆ ನಡೆಯುವುದಿಲ್ಲ ಎಂದು ಎದೆ ಮುಟ್ಟಿ ಹೇಳಲು ಅವನಿಂದಾಗಲಿಲ್ಲ. ಹೆತ್ತವಳಿಗೆ ಅದು ಅವನಿಗಿಂತ ಚೆನ್ನಾಗಿ ಗೊತ್ತಿತ್ತು.

ಬರೀ ನೀರಿನಲ್ಲಿ ಒಂದು ವಾರ ಇದ್ದಳು. ಬುಧವಾರ ಪಂಚಕ ಹುಟ್ಟುವುದಿತ್ತು. ಸೋಮವಾರ ಮಧ್ಯಾಹ್ನ, ಸುನಂದಮ್ಮ ಕೂಸಿಗೆ ನೀರು ಹಾಕುತ್ತಿದ್ದ ಹೊತ್ತಿನಲ್ಲಿ, ವೀರಮ್ಮ ತನ್ನ ಮಂಚದ ಮೇಲೆ, ತನ್ನ ಕೋಣೆಯಲ್ಲಿ ಹೋದಳು. ನಟರಾಜು ಪಕ್ಕದಲ್ಲೇ ಇದ್ದ.

ಊರು ಸೇರಿತು. ಮೊದಲು ಕೇಳಿದ ಮಾತೇ ಅದು, ಯಾವ ನಕ್ಷತ್ರವೆಂದು. ಸಿದ್ದಯ್ಯ ಕನ್ನಡಕ ಏರಿಸಿಕೊಂಡು ಪಂಚಾಂಗ ಬಿಡಿಸಿದ. ಎಲ್ಲರೂ ಅವನ ಬೆರಳನ್ನೇ ನೋಡುತ್ತಿದ್ದರು.

"ಯಾವ್ ದೋಷಾನೂ ಇಲ್ಲ ಕಣ್ರಪ್ಪ. ಮನೆ ಬುಡಂಗಿಲ್ಲ" ಎಂದು ಪುಸ್ತಕ ಮಡಿಚಿದ. ಆಮೇಲೆ ನಟರಾಜುವಿನ ಹೆಗಲ ಮೇಲೆ ಕೈಯಿಟ್ಟು, ಸಮಾಧಾನವಾಗಲಿ ಎಂದೇ ಹೇಳಿದ: "ಪುಣ್ಯಾತ್ಗಿತ್ತಿ ಕಣೋ ನಿಮ್ಮವ್ವ. ದಿನ ನೋಡ್ಕೊಂಡೇ ಓದಂಗೋದ್ಲು."

"ನೋಡ್ಕೊಂಡೇ ಓದ್ಲು ಕಣಣ್ಣ" ಎಂದ ನಟರಾಜು. "ನಾನೇ ಏಳ್ಕೊಟ್ಟಿದ್ದು. ಅನ್ನೆಲ್ಡು ದಿನ ಅಂತ ನಾನೇ ಏಳ್ಕೊಟ್ಟೆ."

ಅದನ್ನೇ ಮತ್ತೆ ಮತ್ತೆ ಹೇಳತೊಡಗಿದ. ಸಂಕಟಕ್ಕೆ ಏನೋ ಬಡಬಡಿಸುತ್ತಿದ್ದಾನೆ ಎಂದುಕೊಂಡು ಯಾರೋ ಅವನನ್ನು ಹಿಡಿದೆಬ್ಬಿಸಿ, ಜಗಲಿಗೆ ಕರೆದುಕೊಂಡು ಹೋಗಿ ಕೂರಿಸಿದರು.