ಮುಚ್ಚದ ಎಡಗಣ್ಣು

ಗುಂಟೂರಿನ ಮೆಣಸಿನಕಾಯಿ ಮಂಡಿಯಲ್ಲಿ ತೊಟ್ಟು ಬಿಡಿಸುವ ಕೋಟೇಶ್ವರಮ್ಮ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ನೀರೆಲ್ಲ ಎಡಗಡೆಯಿಂದ ಸೋರಿಹೋಯಿತು. ಕನ್ನಡಿಯಲ್ಲಿ ನೋಡಿದರೆ ಅರ್ಧ ಮುಖ ಜೋತುಬಿದ್ದಿತ್ತು. ಲಕ್ವ ಹೊಡೆಯಿತೆಂದು ಹೆದರಿ, ಜೊತೆಯಲ್ಲಿ ದುಡಿಯುವ ಮರಿಯಮ್ಮನನ್ನು ಕರೆದುಕೊಂಡು ಆಸ್ಪತ್ರೆಗೆ ಓಡಿದಳು.

"ಹುಬ್ಬು ಎತ್ತಮ್ಮ," ಎಂದರು ಡಾಕ್ಟರಮ್ಮ. ಎಡಗಡೆಯ ಹಣೆ ನೆರಿಗೆ ಕಟ್ಟಲಿಲ್ಲ. ಕೈಕಾಲು ಮಾತ್ರ ಗಟ್ಟಿಮುಟ್ಟಾಗಿದ್ದವು. "ಇದು ಮಿದುಳಿಂದ ಬಂದಿದ್ದಲ್ಲ. ಕಿವಿ ಹಿಂದಿನ ನರ ಊದ್ಕೊಂಡಿದೆ. ಮಾತ್ರೆ ತಗೋ, ನಿಧಾನಕ್ಕೆ ವಾಸಿಯಾಗುತ್ತೆ. ಆದ್ರೆ ಅಲ್ಲೀವರೆಗೆ ಆ ಕಣ್ಣು ಮುಚ್ಚಲ್ಲ. ಮೆಣಸಿನ ಧೂಳಿನ ಹತ್ರ ಸುಳೀಬೇಡ."

"ಸುಳೀದಿದ್ರೆ ಉಣ್ಣೋದೇನು ತಾಯಿ?"

ಮೂರನೆಯ ದಿನವೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ರಾಶಿಯ ಮುಂದೆ ಕೂತಳು.

"ಮನೆಗೆ ಹೋಗೇ ಮೊಂಡಿ! ನಿನ್ನ ಪಾಲಿಂದೂ ನಾನೇ ಬಿಡಿಸ್ತೀನಿ," ಎಂದು ಮರಿಯಮ್ಮ ಬೈದಳು.

"ನಿನ್ನ ಮನೇಲೇ ಐದು ಬಾಯಿ ಇವೆ, ಸುಮ್ನಿರೇ."

ಬೆವರಿಗೆ ಬಟ್ಟೆ ಜಾರುತ್ತಿತ್ತು, ಧೂಳು ಒಳಹೋಗುತ್ತಿತ್ತು.

ಎರಡು ತಿಂಗಳಲ್ಲಿ ತುಟಿ ನೇರವಾಯಿತು, ರೆಪ್ಪೆಯೂ ಮುಚ್ಚತೊಡಗಿತು. ಅಷ್ಟರಲ್ಲಿ ಧೂಳು ಬಿದ್ದು ಬಿದ್ದು ಆ ಕಣ್ಣಿನ ದೃಷ್ಟಿ ಹೋಗಿತ್ತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

"ಮುಖ ಮೊದಲಿನಂಗೇ ಆಯ್ತಲ್ಲೇ! ನಗು, ನೋಡೋಣ," ಎಂದಳು ಮರಿಯಮ್ಮ.

ಕೋಟೇಶ್ವರಮ್ಮ ನಕ್ಕಳು. ಎಡಗಡೆ ಕೂತಿದ್ದ ಗೆಳತಿ ಅವಳಿಗೆ ಕಾಣುತ್ತಿರಲಿಲ್ಲ.