ಹಿಂದಿನ ಬೆಂಚಿನಿಂದ ಬಂದ ಪ್ರಶ್ನೆ

ನಾಲ್ಕನೇ ತರಗತಿಯ ಟೀಚರಿಗೆ ಕಿವಿ ಕೇಳಿಸುವುದಿಲ್ಲವೆಂಬುದು ಮೂವತ್ತೊಂದು ಮಕ್ಕಳಿಗೆ ಗೊತ್ತಿತ್ತು, ಆಫೀಸಿಗೆ ಗೊತ್ತಿರಲಿಲ್ಲ. ಗೊತ್ತಾದರೆ ಪಾಠ ಬಿಡಿಸಿ ಸ್ಟೋರ್ ರೂಮಿನ ಕೆಲಸಕ್ಕೆ ಹಾಕುತ್ತಾರೆಂದು ಅವರು ಯಾರಲ್ಲೂ ಬಾಯಿ ಬಿಟ್ಟಿರಲಿಲ್ಲ. ಎದುರು ನಿಂತವರ ತುಟಿ ನೋಡಿ ಹೇಗೋ ನಿಭಾಯಿಸುತ್ತಿದ್ದರು. ತರಗತಿಯಲ್ಲಿ ಮಾತ್ರ, ಉತ್ತರವನ್ನು ಸ್ಲೇಟಿನಲ್ಲಿ ಬರೆದು ಎತ್ತಿ ಹಿಡಿಯಬೇಕೆಂದು ನಿಯಮ ಮಾಡಿದರು. ಮಕ್ಕಳು ಕಾರಣ ಕೇಳಲಿಲ್ಲ. ಮೂರನೇ ವಾರದ ಹೊತ್ತಿಗೆ "ಟೀಚರ್, ಗಂಟೆ ಹೊಡೀತು", "ಬಾಗಿಲಲ್ಲಿ ಹೆಡ್‌ಮೇಷ್ಟ್ರು" ಎಂಬುದೂ ಸ್ಲೇಟಿನಲ್ಲೇ ಬರತೊಡಗಿತು. ಬಾಯಿ ಮುಚ್ಚದ ಕಾರಣಕ್ಕೆ ರೇಡಿಯೊ ಎಂದು ಹೆಸರು ಪಡೆದ ಮೊದಲ ಬೆಂಚಿನ ಹುಡುಗಿಯಂತೂ ಎಲ್ಲರಿಗಿಂತ ಬೇಗ ಬರೆಯುತ್ತಿದ್ದಳು.

ಇನ್ಸ್‌ಪೆಕ್ಟರ್ ಬಂದು ಹಿಂದಿನ ಬೆಂಚಿನಲ್ಲಿ ಕುಳಿತ ದಿನ ಟೀಚರ್ ಬೋರ್ಡಿನ ಮೇಲೆ 'ಬೆಕ್ಕು ಇಣುಕಿತು' ಎಂದು ಬರೆದರು.

"ಬರೀ ಇಣುಕಿತು ಅಂದ್ರೆ ಸಾಕೇನ್ರಪ್ಪಾ? ಎಲ್ಲಿಂದ, ಯಾವಾಗ, ಹೇಗೆ? ಅದನ್ನ ಮೊದಲು ಹೇಳಿ. ವಾಕ್ಯದೊಳಗೆ ಬರೋರಿಗೆ ಕಾಲಿಡೋಕೆ ಜಾಗ ಬೇಡ್ವಾ?"

ಸ್ಲೇಟುಗಳು ಎದ್ದವು. ಬಾಗಿಲ ಸಂದಿಯಿಂದ, ಬೆಕ್ಕು ಇಣುಕಿತು. ಮೀಸೆ ಒರೆಸಿಕೊಳ್ಳುತ್ತಾ, ಬೆಕ್ಕು ಇಣುಕಿತು. ರೇಡಿಯೊ ಬರೆದದ್ದು: ಹಾಲೆಲ್ಲ ಕುಡಿದು ಏನೂ ಗೊತ್ತಿಲ್ಲದ ಹಾಗೆ, ಬೆಕ್ಕು ಇಣುಕಿತು. ಟೀಚರ್ ನಕ್ಕುಬಿಟ್ಟರು. ಇನ್ಸ್‌ಪೆಕ್ಟರೂ ನಕ್ಕರು.

ಟೀಚರ್ ಬೋರ್ಡು ಒರೆಸುತ್ತಿದ್ದಾಗ ಇನ್ಸ್‌ಪೆಕ್ಟರ್ ಹಿಂದಿನಿಂದ ಎರಡು ಸಲ ಕರೆದರು. ಒರೆಸುವ ಕೈ ನಿಲ್ಲಲಿಲ್ಲ. ಮೂರನೇ ಸಲ ದನಿ ತಗ್ಗಿಸಿ ಒಂದು ಪ್ರಶ್ನೆ ಕೇಳಿದರು.

ಟೀಚರ್ ತಿರುಗಿದಾಗ ಮೂವತ್ತು ಮಕ್ಕಳು ತಲೆ ತಗ್ಗಿಸಿದ್ದರು. ರೇಡಿಯೊ ಮಾತ್ರ ದಿನದ ರೂಢಿಯಂತೆ, ಅವರು ಕೇಳಿದ್ದನ್ನೇ ಬರೆದು, ಸ್ಲೇಟು ಎತ್ತಿ ಹಿಡಿದಿದ್ದಳು: ಎಷ್ಟು ದಿನದಿಂದ ನಿಮಗೆ ಕಿವಿ ಕೇಳಿಸ್ತಿಲ್ಲ, ಮೇಡಂ?

ತಾನು ಬರೆದದ್ದೇನೆಂದು ಅವಳಿಗೆ ಅರಿವಾದದ್ದು ಟೀಚರ್ ಮುಖ ನೋಡಿದ ಮೇಲೆ. ಸ್ಲೇಟನ್ನು ಎದೆಗೆ ಅವಚಿಕೊಂಡಳು.

"ರಜೆಯಲ್ಲಿ ಜ್ವರ ಬಂದು ಹೋದಮೇಲೆ," ಎಂದರು ಟೀಚರ್, ಹಿಂದಿನ ಬೆಂಚನ್ನು ನೋಡುತ್ತ, "ಏನೂ ಕೇಳಿಸ್ತಿಲ್ಲ ಸರ್."

ಇನ್ಸ್‌ಪೆಕ್ಟರ್ ಎದ್ದು, ಅವರನ್ನು ನೋಡಲಾರದೆ, ಕಿಟಕಿಯ ಕಡೆ ಮುಖ ಮಾಡಿ ಬಹಳ ಹೊತ್ತು ಮಾತಾಡಿದರು. ಒಂದು ಸ್ಲೇಟೂ ಏಳಲಿಲ್ಲ. ರೇಡಿಯೊ ಒಂದು ಸಾಲು ಬರೆದಳು, ಅಂಗೈಯಿಂದ ಒರೆಸಿದಳು, ಮತ್ತೆ ಬರೆದಳು, ಮತ್ತೆ ಒರೆಸಿದಳು.

ಟೀಚರ್ ಅವಳ ಪಕ್ಕ ಬೆಂಚಿನ ಅಂಚಿಗೆ ಕುಳಿತರು. "ಬರಿ ಪುಟ್ಟಿ. ನೀನೂ ಬರೀದಿದ್ರೆ ನಂಗೆ ಯಾರು ಹೇಳ್ತಾರೆ?"

ಅವಳು ಬರೆದಳು: ನಾಳೆಯಿಂದ, ಬೇರೆ ಟೀಚರ್ ಬರ್ತಾರಂತೆ.

ಟೀಚರ್ ಅದನ್ನು ಎರಡು ಸಲ ಓದಿದರು. ಹೇಳಿಕೊಟ್ಟ ಹಾಗೆ 'ಯಾವಾಗ' ಎಂಬುದು ಮೊದಲೇ ಬಂದಿತ್ತು. ಬಳಪ ತೆಗೆದುಕೊಂಡು ಸರಿ ಗುರುತು ಹಾಕಲು ಹೋದರು. ಕೈ ಏಳಲಿಲ್ಲ.