ಏಳನೆಯ ಸಾಕ್ಷಿ

ನಮ್ಮ ಸಭೆಯಲ್ಲಿ ಭಾನುವಾರ ಹಾಡು ಮುಗಿದ ಮೇಲೆ ಸಾಕ್ಷಿ ಹೇಳುವ ಹೊತ್ತು ಬರುತ್ತದೆ. ಆ ವಾರ ದೇವರು ತನಗೇನು ಮಾಡಿದನೆಂದು ಒಬ್ಬೊಬ್ಬರೇ ಎದ್ದು ನಿಂತು ಹೇಳಬೇಕು. ಒಬ್ಬರ ಕಿಡ್ನಿಯ ಕಲ್ಲು ಕರಗಿರುತ್ತದೆ, ಇನ್ನೊಬ್ಬರ ಮಗಳಿಗೆ ಗಂಡು ಗೊತ್ತಾಗಿರುತ್ತದೆ. ಕಳೆದ ತಿಂಗಳು ಒಬ್ಬರು ಬೀರುವಿನ ಕೀಲಿಕೈ ಕಳೆದು ಸಿಕ್ಕಿದ್ದನ್ನು ಕಾಲು ಗಂಟೆ ಹೇಳಿದರು. ಕೊನೆಗೆ ನೋಡಿದರೆ ಅದು ಅವರ ಕೈಚೀಲದಲ್ಲೇ ಇತ್ತಂತೆ. ಆದರೂ ನಾವೆಲ್ಲ ಆಮೆನ್ ಎಂದೆವು. ಹನ್ನೊಂದು ವರ್ಷದಿಂದ ಹೋಗುತ್ತಿದ್ದರೂ ನಾನು ಒಮ್ಮೆಯೂ ಎದ್ದಿರಲಿಲ್ಲ. ನನ್ನ ವಾರಗಳಲ್ಲಿ ಎದ್ದು ಹೇಳುವಂಥದ್ದು ಏನೂ ನಡೆಯುತ್ತಿರಲಿಲ್ಲ. ಪಾಸ್ಟರ್ ನನ್ನ ಕಡೆ ನೋಡಿದರೆ ನಾನು ನನ್ನ ಕಾಲಬೆರಳು ನೋಡುತ್ತಿದ್ದೆ.

ಪಕ್ಕದಲ್ಲಿ ಕೂರುವ ನಮ್ಮ ಮನೆಯವರಂತೂ ಆಮೆನ್ ಕೂಡ ಬಾಯಿಬಿಟ್ಟು ಹೇಳುವವರಲ್ಲ. ಮೂವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿ ಕಣ್ಣು ಸವೆಸಿಕೊಂಡಿದ್ದಾರೆ. ಈಗ ಎಡಗಣ್ಣು ಹೆಸರಿಗಷ್ಟೇ ಇದೆ, ಬಲಗಣ್ಣು ಅದೇ ದಾರಿ ಹಿಡಿದಿದೆ. ಆಪರೇಷನ್ ಆದರೆ ಒಂದು ಕಣ್ಣಾದರೂ ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಅದು ಆಗುತ್ತಿತ್ತು, ಅದೂ ಬಿಟ್ಟಿಯಾಗಿ. ಆದರೆ ಆ ಸವಲತ್ತು ಕೆಲಸ ಕಾಯಂ ಆದವರ ಮನೆಯವರಿಗೆ ಮಾತ್ರ. ನಾನು ಹನ್ನೊಂದು ವರ್ಷದಿಂದ ತಾತ್ಕಾಲಿಕ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗವಿದೆ. ಅಲ್ಲಿ ನಾವು ಎಂಟು ಜನ. ಡ್ರಮ್ಮಿಗೆ ಬಟ್ಟೆ ತುಂಬಿ ಸೋಪು ಸುರಿಯುವವನು ಸೋಪಿನಣ್ಣ. ಇಸ್ತ್ರಿ ಯಂತ್ರದ ಮುಂದೆ ಒದ್ದೆ ಬೆಡ್‌ಶೀಟಿನ ಎರಡು ತುದಿ ಹಿಡಿದು ಒಳಗೆ ಬಿಡುವವರು ನಾನು ಮತ್ತು ರೇಡಿಯೊ. ಬೆಳಿಗ್ಗೆ ಏಳಕ್ಕೆ ಬಾಯಿ ತೆರೆದರೆ ಮೂರರವರೆಗೆ ಮುಚ್ಚದಿದ್ದ ಕಾರಣ ಅವಳಿಗೆ ಆ ಹೆಸರು. ಊಟದ ಡಬ್ಬಿ ತೆರೆದು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದುದರಿಂದ ನಾನು ಆಮೆನ್ ಅಕ್ಕ. ನಾನು ಕಣ್ಣು ಮುಚ್ಚಿದ ಕೂಡಲೇ ಸೋಪಿನಣ್ಣ "ಆ...ಮೆನ್" ಎಂದು ರಾಗ ಎಳೆಯುತ್ತಿದ್ದ, ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಅಲ್ಲಿಯವರೆಗೆ ನನ್ನ ಭಕ್ತಿಯಿಂದ ಯಾರಿಗೂ ಏನೂ ನಷ್ಟವಾಗಿರಲಿಲ್ಲ ನೋಡಿ. ನಮ್ಮ ಸೂಪರ್‌ವೈಸರ್ ಏನು ಕೇಳಿದರೂ "ನೋಡ್ತೀನಿ" ಅನ್ನುವ ಮನುಷ್ಯ. ಹಾಗಾಗಿ ಬೆನ್ನ ಹಿಂದೆ ಅವರ ಹೆಸರೇ ನೋಡ್ತೀನಿ.

ಇಸ್ತ್ರಿ ಯಂತ್ರವೆಂದರೆ ಮಂಚದಷ್ಟು ಅಗಲದ ಎರಡು ಕಾದ ರೋಲರು. ಅವುಗಳ ಮುಂದೆ ಅಡ್ಡಕ್ಕೆ ಒಂದು ಕಬ್ಬಿಣದ ಕಂಬಿ. ಕೈ ಅದಕ್ಕೆ ತಾಗಿದರೆ ಯಂತ್ರ ತಟ್ಟನೆ ನಿಲ್ಲಬೇಕು. ತೊಂದರೆ ಏನೆಂದರೆ, ಮಡಿಕೆ ಬಿದ್ದ ಒದ್ದೆ ಬೆಡ್‌ಶೀಟು ತಾಗಿದರೂ ನಿಲ್ಲುತ್ತಿತ್ತು, ಮತ್ತೆ ಶುರುವಾಗಲು ನಾಲ್ಕು ನಿಮಿಷ ಬೇಕಿತ್ತು. ವಾರ್ಡುಗಳಿಂದ ಫೋನು ಮೇಲೆ ಫೋನು ಬರುತ್ತಿದ್ದ ಒಂದು ದಿನ ನೋಡ್ತೀನಿ ಹಳೆಯ ಬೆಡ್‌ಶೀಟ್ ಹರಿದು, ಆ ಪಟ್ಟಿಯಿಂದ ಕಂಬಿಯನ್ನು ಮೇಲಕ್ಕೆತ್ತಿ ಕಟ್ಟಿದರು. ಬಿಚ್ಚಿಸಿ ಸಾರ್ ಎಂದು ನಾನು ಎರಡು ಸಲ ಹೇಳಿದೆ. ಎರಡು ಸಲವೂ ನೋಡ್ತೀನಿ ಅಂದರು.

ಮಂಗಳವಾರ ಬೆಳಿಗ್ಗೆ ರೇಡಿಯೊ ತನ್ನ ನಾದಿನಿಯ ಜಗಳದ ಕಥೆ ಹೇಳುತ್ತಿದ್ದಳು. ಬೆಡ್‌ಶೀಟಿನ ಅಂಚಿನಿಂದ ಎದ್ದ ದಾರ ಅವಳ ಉಂಗುರಕ್ಕೆ ಸಿಕ್ಕಿಕೊಂಡಿತು. "ಆಗ ಅವಳು ಏನಂದ್ಲು ಗೊತ್ತಾ ಅಕ್ಕಾ" ಅನ್ನುವಷ್ಟರಲ್ಲಿ ಮಾತು ನಿಂತಿತು. ನಾನು ಕೆಂಪು ಗುಂಡಿ ಒತ್ತಿದೆ. ಒತ್ತುವಷ್ಟರಲ್ಲಿ ಮೂರು ಬೆರಳು ಹೋಗಿದ್ದವು. ನಾದಿನಿ ಏನಂದಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ಗುರುವಾರ ಒಂದು ಟೈಪು ಮಾಡಿದ ಕಾಗದ ಬಂತು. ಕಂಬಿ ಸರಿಯಾಗಿಯೇ ಇತ್ತು, ಕೆಲಸ ಬೇಗ ಮುಗಿಸುವ ಆತುರದಲ್ಲಿ ಗಾಯಗೊಂಡಾಕೆಯೇ ಅದನ್ನು ಮೇಲೆತ್ತಿ ಕಟ್ಟಿದಳು, ಇದನ್ನು ನಾವು ಕಣ್ಣಾರೆ ಕಂಡಿದ್ದೇವೆ ಎಂದು ಬರೆದಿತ್ತು. ಕೆಳಗೆ ಏಳು ಸಾಲು. ಪ್ರತಿ ಸಾಲಿನ ಮುಂದೆ 'ಸಾಕ್ಷಿ' ಎಂಬ ಪದ. ಆರು ಸಾಲು ತುಂಬಿದ್ದವು. ಏಳನೆಯದು ನನ್ನದು.

"ಓದೋದೇನಿದೆ ಅಮ್ಮಾ, ಆರು ಜನ ಓದದೇ ಸಹಿ ಹಾಕಿದ್ದಾರೆ" ಎಂದರು ನೋಡ್ತೀನಿ.

"ಓದಿದ್ದಕ್ಕೇ ತೊಂದರೆ ಸಾರ್."

ಅವರು ಡ್ರಾಯರ್ ಎಳೆದು ಏಳು ಲಕೋಟೆ ತೋರಿಸಿದರು. ನಮ್ಮೆಲ್ಲರ ಕಾಯಂ ಆರ್ಡರುಗಳು. ಅಪಘಾತದ ವಿಚಾರಣೆ ಸುಸೂತ್ರವಾಗಿ ಮುಗಿದರೆ ಮಾತ್ರ ಹಂಚಬೇಕೆಂದು ಮೇಲಿನಿಂದ ಹೇಳಿದ್ದಾರಂತೆ. "ಒಬ್ಬರು ಹಾಕದಿದ್ರೂ ಎಲ್ಲರದ್ದೂ ನಿಲ್ಲುತ್ತೆ. ನನ್ನ ಕೆಲಸಾನೂ ಹೋಗುತ್ತೆ. ನನಗೂ ಇಬ್ಬರು ಮಕ್ಕಳಿದ್ದಾರಮ್ಮಾ" ಎಂದರು. ಕೆಟ್ಟ ಮನುಷ್ಯನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

"ನೋಡ್ತೀನಿ ಸಾರ್" ಎಂದು ಹೇಳಿ ಬಂದೆ. ಬೇಕೆಂದು ಹೇಳಿದ್ದಲ್ಲ, ಬಾಯಿಗೆ ಅದೇ ಬಂತು.

ಇದರಲ್ಲಿ ನನ್ನದೊಂದು ಹಳೆಯ ತೊಡಕಿದೆ. ಚಿಕ್ಕವಳಿದ್ದಾಗ ಭಾನುವಾರದ ಪಾಠಕ್ಕೆ ಹೋಗುತ್ತಿದ್ದ ನಾವು ಹತ್ತು ಮಕ್ಕಳಿದ್ದೆವು. ಟೀಚರಮ್ಮ ಬೈಬಲಿನ ಹತ್ತು ಆಜ್ಞೆಗಳನ್ನು ತಲೆಗೊಂದರಂತೆ ಹಂಚಿ ಬಾಯಿಪಾಠ ಮಾಡಿಸಿದ್ದರು. ನನ್ನ ಪಾಲಿಗೆ ಒಂಬತ್ತನೆಯದು ಬಂತು, ನೆರೆಯವರ ಮೇಲೆ ಸುಳ್ಳುಸಾಕ್ಷಿ ಕೂಡದು ಅನ್ನುವುದು. ಕೊಲೆ ಮಾಡಬಾರದು ಅನ್ನುವುದು ಸಿಕ್ಕ ಹುಡುಗಿಯ ಗತ್ತೇ ಬೇರೆ. ನನ್ನದು ಸಪ್ಪೆ ಎಂದು ಅತ್ತಿದ್ದೆ. ನೆರೆಯವರೆಂದರೆ ಪಕ್ಕದ ಮನೆಯವರು ಮಾತ್ರ ಎಂದುಕೊಂಡು, ಎರಡು ಮನೆ ಆಚೆಯವರ ಬಗ್ಗೆ ಧಾರಾಳವಾಗಿ ಸುಳ್ಳು ಹೇಳಿ ಏಟು ತಿಂದಿದ್ದೆ. ಮಿಕ್ಕ ಆಜ್ಞೆಗಳ ಲೆಕ್ಕ ದೇವರಿಗೇ ಬಿಟ್ಟಿದ್ದು. ಒಂಬತ್ತನೆಯದು ಮಾತ್ರ ಅಂದಿನಿಂದ ನನ್ನ ಸ್ವಂತದ್ದು ಅನ್ನುವ ಹಾಗೆ ಇಟ್ಟುಕೊಂಡು ಬಂದಿದ್ದೇನೆ.

ಶುಕ್ರವಾರ ಊಟದ ಹೊತ್ತಿಗೆ ಡಬ್ಬಿ ತೆರೆದು ಕಣ್ಣು ಮುಚ್ಚಿದೆ. ಯಾರೂ ರಾಗ ಎಳೆಯಲಿಲ್ಲ. ಕಣ್ಣು ಬಿಟ್ಟಾಗ ಬೆಂಚಿನ ಮೇಲೆ ನಾನೊಬ್ಬಳೇ ಇದ್ದೆ. ಮಿಕ್ಕವರು ಗೋಡೆ ಪಕ್ಕಕ್ಕೆ ಹೋಗಿ ಕೂತಿದ್ದರು.

ಸೋಪಿನಣ್ಣ ಅಲ್ಲಿಂದಲೇ ಕೇಳಿದ. "ಅಕ್ಕಾ, ನೀವೊಬ್ರು ಸ್ವರ್ಗಕ್ಕೆ ಹೋಗೋಕೆ ನಮ್ಮ ಆರು ಜನರ ಹೊಟ್ಟೆ ಮೇಲೆ ಹೊಡೀಬೇಕಾ?"

ಡಬ್ಬಿ ಮುಚ್ಚಿ ರೇಡಿಯೊಳನ್ನು ನೋಡಲು ಮೇಲಿನ ವಾರ್ಡಿಗೆ ಹೋದೆ. ನಾವೇ ಇಸ್ತ್ರಿ ಮಾಡಿದ ಬೆಡ್‌ಶೀಟಿನ ಮೇಲೆ ಮಲಗಿದ್ದಳು. ಮೊಣಕೈವರೆಗೆ ಬ್ಯಾಂಡೇಜು. ಅವಳು ಸುಮ್ಮನಿದ್ದುದನ್ನು ನಾನು ನೋಡಿದ್ದು ಅದೇ ಮೊದಲು.

"ಅಕ್ಕಾ, ಹಾಕ್ಬಿಡಿ" ಎಂದಳು ಕೊನೆಗೆ. "ಬಟ್ಟೆ ಮಡಿಚೋ ಟೇಬಲ್ಲಿನ ಕೆಲಸ ಕೊಡ್ತೀವಿ, ತೆಗೆಯಲ್ಲ ಅಂದಿದ್ದಾರೆ. ತಕರಾರಾದ್ರೆ ಅದೂ ಇಲ್ಲ."

"ಕಂಬಿ ಕಟ್ಟಿದ್ದು ನೀನಾ?"

"ಅಲ್ಲ."

"ಮತ್ತೆ ನೀನೇ ಅಂತ ಹೇಗೆ ಹಾಕಲಿ?"

"ಕೈಯೇ ಹೋಯ್ತು. ಇನ್ನು ಮಾತು ಹೋದ್ರೇನು ಬಿಡಿ" ಎಂದು ಗೋಡೆಯ ಕಡೆ ತಿರುಗಿಕೊಂಡಳು.

ಮೆಟ್ಟಿಲಿಳಿಯುವಾಗ ಟೀಚರಮ್ಮನ ಮೇಲೆ ಸಿಟ್ಟು ಬಂತು. ನೆರೆಯವಳೇ ತನ್ನ ಮೇಲೆ ಸುಳ್ಳು ಹೇಳು ಎಂದು ಬೇಡಿಕೊಂಡರೆ ಏನು ಮಾಡಬೇಕೆಂದು ಅವರು ಹೇಳಿಕೊಟ್ಟಿರಲಿಲ್ಲ.

ಸಂಜೆ ಮನೆಯಲ್ಲಿ ನಮ್ಮವರು ಗಡಿಯಾರವೊಂದನ್ನು ಬಿಚ್ಚಿಟ್ಟುಕೊಂಡು ಬೆರಳಿನಿಂದಲೇ ಸ್ಕ್ರೂ ಹುಡುಕುತ್ತಿದ್ದರು. ಎಲ್ಲ ಹೇಳಿದೆ. ಸ್ಕ್ರೂ ಸಿಕ್ಕ ಮೇಲೆ ಅದನ್ನು ಬಟ್ಟಲಿಗೆ ಹಾಕಿದರು.

"ನಾನಂತೂ ಹಾಕು ಅಂತಲೇ ಹೇಳ್ತೀನಿ" ಎಂದರು. "ಕುರುಡನಾಗೋಕೆ ನನಗೆ ಭಯ ಇದೆ, ಸುಳ್ಳ್ಯಾಕೆ ಹೇಳ್ಲಿ. ಆದ್ರೆ ನೀನು ಹಾಕಲ್ಲ ಅಂತಾನೂ ನನಗೆ ಗೊತ್ತು. ಊಟ ಬಡಿಸು."

"ಹಾಕಲ್ಲ ಅಂತ ನಾನೆಲ್ಲಿ ಹೇಳಿದೆ?" ಎಂದು ರೇಗಿದೆ. ನಿಜವಾಗಿಯೂ ನಾನು ಹಾಗೆ ತೀರ್ಮಾನಿಸಿರಲಿಲ್ಲ. ದಣಿದಿದ್ದೆ. ಯಾರಾದರೂ ನನ್ನ ಪರವಾಗಿ ಒಂದು ತೀರ್ಮಾನ ಮಾಡಿಕೊಟ್ಟರೆ ಸಾಕಾಗಿತ್ತು.

ಅದಕ್ಕೇ ಶನಿವಾರ ಕೆಲಸಕ್ಕೆ ಹೋಗುವ ದಾರಿಯಲ್ಲಿ ಪಾಸ್ಟರ್ ಮನೆಗೆ ಹೋದೆ. ಅವರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಮುಖ ಬಾಡಿತ್ತು, ಅವರಿಗೂ ಅವರ ಪಾಡು ಇರುತ್ತದಲ್ಲ. "ದೇವರು ನೋಡೋದು ಹೃದಯಾನಮ್ಮಾ, ಕಾಗದಾನಲ್ಲ. ಇಷ್ಟು ಜನರ ಬದುಕು ಇದೆ. ಪ್ರಾರ್ಥನೆ ಮಾಡಿ ಹಾಕ್ಬಿಡಿ, ಆತ ಅರ್ಥ ಮಾಡ್ಕೋತಾನೆ" ಎಂದರು.

ಸರಿ, ಇನ್ನೇನು. ದೇವರ ಆಳೇ ಬಿಟ್ಟುಕೊಟ್ಟ ಮೇಲೆ ನನ್ನದೇನಿದೆ? ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಬೇಗ ಸಹಿ ಹಾಕಿ ಮುಗಿಸಿಬಿಡೋಣ ಎಂದು ನೇರವಾಗಿ ಆಫೀಸಿಗೇ ಹೋದೆ. ನೋಡ್ತೀನಿ ಎದ್ದು ನಿಂತು ಕುರ್ಚಿ ಕೊಟ್ಟರು. ಹನ್ನೊಂದು ವರ್ಷದಲ್ಲಿ ಆ ಕುರ್ಚಿಯಲ್ಲಿ ನಾನು ಕೂತಿದ್ದು ಅದೇ ಮೊದಲು. ಪೆನ್ನು ಕೈಗೆ ಬಂತು. ಏಳನೆಯ ಸಾಲಿಗೆ ಮುಳ್ಳು ತಾಗಿಸಿದೆ. ನನ್ನ ಹೆಸರಿನ ಮೊದಲ ಅಕ್ಷರದ ತಲೆಕಟ್ಟು ಕೂಡ ಎಳೆದೆ.

ಪಕ್ಕದಲ್ಲೇ ಆ ಪದವಿತ್ತು. ಸಾಕ್ಷಿ.

'ಓದಿದ್ದೇನೆ' ಎಂದಿದ್ದರೆ ಹಾಕಿಬಿಡುತ್ತಿದ್ದೆ. 'ಒಪ್ಪಿದ್ದೇನೆ' ಎಂದಿದ್ದರೂ ಹಾಕುತ್ತಿದ್ದೆನೇನೋ. ನಾನೇನು ಅಂಥ ಸಂತಳಲ್ಲ. ಆದರೆ ಸಭೆಯಲ್ಲಿ ಒಂದು ದಿನವೂ ಸಾಕ್ಷಿಗೆ ಎದ್ದು ನಿಲ್ಲದವಳು ನಾನು. ಮೊತ್ತಮೊದಲ ಸಾಕ್ಷಿ ಇದಾಗಬೇಕೇ? ಕೀಲಿಕೈ ಸಿಕ್ಕಿದ್ದಕ್ಕೆ ಎದ್ದವರೇ ನನಗಿಂತ ವಾಸಿ ಅನ್ನಿಸಿತು. ನಾಚಿಕೆಯಾಯಿತು. ಅಳುವೂ ಬಂತು, ಆದರೆ ಆ ಕುರ್ಚಿಯಲ್ಲಿ ಕೂತು ಅಳಬಾರದೆಂದು ಪೆನ್ನಿನ ಮುಚ್ಚಳ ಹಾಕಿದೆ.

"ಆಗಲ್ಲ ಸಾರ್" ಎಂದೆ. "ಕಟ್ಟಿದ್ದು ನೀವು. ನಾನು ನೋಡಿದ್ದೀನಿ."

ಅವರು ಬೈಯಲಿಲ್ಲ. ಸ್ಕೇಲು ತೆಗೆದುಕೊಂಡು ಏಳನೆಯ ಸಾಲಿನ ಮೇಲೆ ಒಂದು ಗೀಟು ಎಳೆದರು.

ಯಂತ್ರದ ಬಳಿಗೆ ಬಂದೆ. ರೇಡಿಯೊ ನಿಲ್ಲುತ್ತಿದ್ದ ಜಾಗದಲ್ಲಿ ಮಡಿಚುವ ಟೇಬಲ್ಲಿನ ಹೆಂಗಸು ನಿಂತು ಬೆಡ್‌ಶೀಟ್ ಬಿಡುತ್ತಿದ್ದಳು. ಕಂಬಿ ಇನ್ನೂ ಅದೇ ಪಟ್ಟಿಯಿಂದ ಮೇಲಕ್ಕೇ ಕಟ್ಟಿತ್ತು. ಮೂರು ಬೆರಳು ಹೋದರೂ ಯಾರೂ ಅದನ್ನು ಬಿಚ್ಚಿರಲಿಲ್ಲ, ನಾನೂ ಬಿಚ್ಚಿರಲಿಲ್ಲ. ಮೂರು ದಿನದಿಂದ ನನ್ನ ಸಹಿ, ನನ್ನ ದೇವರು, ನನ್ನ ಆಜ್ಞೆ ಎಂದು ನನ್ನದೇ ಗೋಳಿನಲ್ಲಿದ್ದೆ. ಗಂಟು ಬಿಗಿದಿತ್ತು, ಹಲ್ಲು ಹಚ್ಚಿ ಬಿಚ್ಚಿದೆ. ಕಂಬಿ ಕೆಳಗಿಳಿಯಿತು. ಎರಡನೆಯ ಬೆಡ್‌ಶೀಟಿಗೇ ಯಂತ್ರ ನಿಂತಿತು. ಎಲ್ಲರೂ ನನ್ನನ್ನು ದುರುಗುಟ್ಟಿಕೊಂಡು ನೋಡುತ್ತಾ ನಾಲ್ಕು ನಿಮಿಷ ಕಾದರು.

ಮೂರು ಗಂಟೆಗೆ ನೋಡ್ತೀನಿ ಬಂದು ಆರು ಲಕೋಟೆ ಹಂಚಿದರು. ಒಬ್ಬರು ಹಾಕದಿದ್ದರೆ ಎಲ್ಲರದ್ದೂ ನಿಲ್ಲುತ್ತದೆ ಅಂದದ್ದು ಬರೀ ಬೆದರಿಕೆ. ಸುಳ್ಳಿಗೆ ಆರು ಜನ ಸಾಕಾಗಿದ್ದರು. "ನೀವು ಸೋಮವಾರದಿಂದ ಬರೋದು ಬೇಡ" ಎಂದು ನನಗೆ ಹೇಳುವಾಗ ಅವರು ನೆಲ ನೋಡುತ್ತಿದ್ದರು. ಡಬ್ಬಿ ಎತ್ತಿಕೊಂಡು ಹೊರಟೆ. ಸೋಪಿನಣ್ಣ ಬಾಗಿಲವರೆಗೆ ಬಂದ. ಲಕೋಟೆಯನ್ನು ಬೆನ್ನ ಹಿಂದೆ ಹಿಡಿದುಕೊಂಡ, ಹಾಗೇ ವಾಪಸ್ಸು ಹೋದ.

ಮನೆಯಲ್ಲಿ ಹೇಳಿದಾಗ ನಮ್ಮವರು "ಹೂಂ" ಎಂದರು, ಅಷ್ಟೇ. ಆ ಸಂಜೆ ಗಡಿಯಾರ ಬಿಚ್ಚಲಿಲ್ಲ.

ಮರುದಿನ ಭಾನುವಾರ. ಹಾಡು ಮುಗಿಯಿತು. ಒಬ್ಬರ ಸೊಂಟನೋವು ವಾಸಿಯಾಗಿತ್ತು, ಆಮೆನ್ ಎಂದೆವು. ಪಾಸ್ಟರ್ ಎಲ್ಲರ ಮುಖ ನೋಡುತ್ತಾ ಬಂದು ನನ್ನ ಮುಖ ಬಂದಾಗ ಬೇಗ ದಾಟಿಕೊಂಡರು. ಅದಕ್ಕೋ ಏನೋ, ನಾನು ಎದ್ದು ನಿಂತೆ. ನಿಂತ ಮೇಲೆ ಏನು ಹೇಳಬೇಕೆಂದು ತೋಚಲಿಲ್ಲ.

"ಈ ವಾರ ನಾನು ಸಾಕ್ಷಿ ಹಾಕಲಿಲ್ಲ" ಎಂದೆ.

ಎಲ್ಲರೂ ಕಾದರು. ಇಂಥ ಮಾತಿನ ಕೊನೆಗೆ ಏನಾದರೂ ಒಳ್ಳೆಯದಾಗಿರಬೇಕು, ಅದೇ ರೂಢಿ. ಕೀಲಿಕೈಯವರು ಮುಂದಿನ ಬೆಂಚಿನಿಂದ ತಿರುಗಿ ಆಸೆಯಿಂದ ಕೇಳಿದರು. "ಆಮೇಲೆ?"

"ಆಮೇಲೆ ಕೆಲಸ ಹೋಯ್ತು. ಇವರ ಕಣ್ಣಿನ ಆಪರೇಷನ್ ಇಲ್ಲ. ಅಷ್ಟೇ."

ಆಮೆನ್ ಎನ್ನಬೇಕೋ ಬೇಡವೋ ಯಾರಿಗೂ ಗೊತ್ತಾಗಲಿಲ್ಲ. ಪಾಸ್ಟರ್ ಪುಸ್ತಕದ ಹಾಳೆ ಮಗುಚಿದರು. ನನಗೆ ಕೂರುವುದಕ್ಕೂ ಆಗಲಿಲ್ಲ, ನಿಲ್ಲುವುದಕ್ಕೂ ಆಗಲಿಲ್ಲ.

ಆಗ ಪಕ್ಕದಿಂದ "ಆಮೆನ್" ಎಂದು ಕೇಳಿಸಿತು. ಸಭೆಗೆಲ್ಲ ಕೇಳುವಷ್ಟು ಜೋರಾಗಿ. ನಮ್ಮ ಮನೆಯವರು. ನಾನಿದ್ದ ಕಡೆಯ ಬದಲು ಕಿಟಕಿಯ ಬೆಳಕಿನ ಕಡೆ ಮುಖ ಮಾಡಿಕೊಂಡು ಹೇಳಿದ್ದರು. ಆಮೇಲೆ ಕೈಚಾಚಿ ನನ್ನ ಸೆರಗು ಹುಡುಕಿ ಹಿಡಿದು ಮೆಲ್ಲಗೆ ಎಳೆದರು.

"ಸಾಕು, ಕೂತ್ಕೋ. ಮಂಡಿ ನೋಯುತ್ತೆ."